ನಮ್ಮ ಸಭೆಯನ್ನು ನಮಗೆ ಬಿಡಿ

2022ರ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ನಮ್ಮ ಕಡೆ ಅಡಿಕೆ ತೋಟಗಳಲ್ಲಿ ಎಲೆಚುಕ್ಕೆ ರೋಗ ಜೋರಾಗಿತ್ತು. ನನ್ನ ಶಾಲೆ ಇರುವುದು ಹೊಸನಗರ ತಾಲ್ಲೂಕಿನಲ್ಲಿ, ತೀರ್ಥಹಳ್ಳಿಯ ಗಡಿಗೆ ತಾಗಿಕೊಂಡು. ಶಾಲೆಯ ಪಕ್ಕದ ಮನೆಯವರಿಗೆ ಎರಡು ಎಕರೆ ತೋಟ. ಒಂದು ಬೆಳಿಗ್ಗೆ ಬೈಕ್ ಹತ್ತಿ ಹೊರಟವರು ಮೂರು ದಿನ ಸುತ್ತಿದರು. ಆಗುಂಬೆ ಕಡೆ ಯಾರದೋ ತೋಟ, ನಗರ ಹೋಬಳಿಯಲ್ಲಿ ನೆಂಟರ ತೋಟ, ಸಾಗರದ ಆಚೆ ಗುರುತು ಪರಿಚಯವೇ ಇಲ್ಲದವರ ತೋಟ. ಯಾರು ಯಾವ ಔಷಧಿ ಹೊಡೆದರು, ಎಷ್ಟು ದಿನಕ್ಕೊಮ್ಮೆ ಹೊಡೆದರು, ಹೊಡೆದ ಮೇಲೆ ಗರಿ ಉದುರುವುದು ನಿಂತಿತೋ ಇಲ್ಲವೋ, ಎಲ್ಲ ವಿಚಾರಿಸಿಕೊಂಡು ಬಂದರು. "ಗುರುತಿಲ್ಲದವರ ಮನೆಗೆ ಹೋಗಿ ಹೇಗೆ ಕೇಳ್ತೀರಿ?" ಅಂದೆ. "ಎಂತ ಮೇಷ್ಟ್ರೇ, ರೋಗ ಬಂದಿದೆ ಅಂತ ಹೇಳ್ಕೊಳ್ಳಕ್ಕೆ ನಾಚಿಕೆ ಎಂತಕ್ಕೆ? ಅವರ ತೋಟಕ್ಕೂ ಬಂದಿದೆಯಲ್ಲ" ಅಂದರು.

ಆಗ ನಕ್ಕು ಸುಮ್ಮನಾಗಿದ್ದೆ. ಆ ಮಾತು ನನ್ನನ್ನು ಕುರಿತದ್ದು ಎಂದು ತಿಳಿಯಲು ಮೂರು ವರ್ಷ ಬೇಕಾಯಿತು.

ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ಇಪ್ಪತ್ತೊಂದು ವರ್ಷದ ನೌಕರಿ. ಇಷ್ಟು ವರ್ಷಗಳಲ್ಲಿ ನನ್ನ ತರಗತಿಗೆ ಬಂದ ಒಂದೇ ಒಂದು ರೋಗವನ್ನೂ ಹೊತ್ತುಕೊಂಡು ಇನ್ನೊಬ್ಬ ಶಿಕ್ಷಕರ ಬಾಗಿಲಿಗೆ ಹೋಗಿ "ನಿಮ್ಮಲ್ಲಿ ಹೀಗಾದಾಗ ಏನು ಮಾಡಿದಿರಿ?" ಎಂದು ಕೇಳಿದವನಲ್ಲ. 2018ರಲ್ಲಿ ನಾಲ್ಕನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಹಲಗೆಯ ಮೇಲೆ ಬರೆದದ್ದನ್ನು ಒಂದು ಒತ್ತು ತಪ್ಪದೆ ಪುಸ್ತಕಕ್ಕೆ ಇಳಿಸುತ್ತಿದ್ದಳು. ತಪಾಸಣೆಗೆ ಬಂದವರು ಮೊದಲು ತೆರೆಯುತ್ತಿದ್ದುದು ಅವಳ ಪುಸ್ತಕವನ್ನೇ. ಅವಳಿಗೆ ಓದಲು ಬರುತ್ತಿರಲಿಲ್ಲ. ತಾನೇ ಬರೆದ ಸಾಲಿನ ಮೇಲೆ ಬೆರಳಿಟ್ಟು ಓದು ಎಂದರೆ ಬೆರಳು ಮುಂದೆ ಹೋಗುತ್ತಿತ್ತು, ಬಾಯಿ ಹೋಗುತ್ತಿರಲಿಲ್ಲ. ಅವಳು ಅಕ್ಷರ ಬರೆಯುತ್ತಿರಲಿಲ್ಲ, ಚಿತ್ರ ಬಿಡಿಸುತ್ತಿದ್ದಳು. ನನಗೆ ಗೊತ್ತಿದ್ದ ಎರಡು ಮೂರು ದಾರಿ ಹಿಡಿದೆ, ಆಗಲಿಲ್ಲ. ವರ್ಷದ ಕೊನೆಗೆ ಬಿ ಪ್ಲಸ್ ಎಂದು ತುಂಬಿಸಿದೆ. ಮುಂದಿನ ವರ್ಷ ಐದನೇ ತರಗತಿ ಮುಗಿಸಿ ಪಕ್ಕದೂರಿನ ಶಾಲೆಗೆ ಹೋದಳು.

ಆ ಎರಡು ವರ್ಷಗಳಲ್ಲಿ ತಿಂಗಳಿಗೊಮ್ಮೆ ಎಂಬಂತೆ ನಾನು ಕ್ಲಸ್ಟರ್ ಸಮಾಲೋಚನಾ ಸಭೆಗೆ ಹೋಗಿ ಕೂತಿದ್ದೇನೆ. ಶಿಕ್ಷಕರು ಒಂದೆಡೆ ಸೇರಿ ತಮ್ಮ ಪಾಠದ ಕಷ್ಟಸುಖ ಹೇಳಿಕೊಳ್ಳಲೆಂದೇ ಇರುವ ಸಭೆ ಅದು. ಆ ಹುಡುಗಿಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ.

ಸಭೆ ಹೇಗಿರುತ್ತದೆ ಎಂದು ಶಾಲೆಯ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಪ್ರಾರ್ಥನೆ, ಸ್ವಾಗತ. ವರ್ಗಾವಣೆಯಾಗಿ ಹೋಗುವವರಿಗೆ ಶಾಲು. ಆಮೇಲೆ ಸುತ್ತೋಲೆಗಳು. ಆಧಾರ್ ಜೋಡಣೆ ಯಾವ ಶಾಲೆಯದು ಬಾಕಿ, ಸ್ಯಾಟ್ಸ್‌ನಲ್ಲಿ ಯಾರ ಮಾಹಿತಿ ಅಪೂರ್ಣ, ಯುಡೈಸ್ ನಮೂನೆ, ಹಾಲಿನ ಪುಡಿಯ ದಾಸ್ತಾನು, ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ತಿನ್ನುವವರೆಷ್ಟು, ಶೂ ಸಾಕ್ಸ್ ಬಿಲ್ಲು. ಇವೆಲ್ಲ ಹಿಂದಿನ ದಿನವೇ ನಮ್ಮ ಮೊಬೈಲಿಗೆ ಬಂದಿರುತ್ತವೆ. ಆದರೂ ಓದಿ ಹೇಳಬೇಕು, ನಾವು ಬರೆದುಕೊಳ್ಳಬೇಕು. ಮೂರು ಗಂಟೆಯ ಮೇಲೆ ಮಾದರಿ ಪಾಠ. ನಲವತ್ತು ದಾಟಿದ ನಾವು ಮೂರನೇ ತರಗತಿಯ ಮಕ್ಕಳಾಗಿ ಕೂತು, ಕೇಳಿದ್ದಕ್ಕೆಲ್ಲ ಕೈಯೆತ್ತಿ ಸರಿಯುತ್ತರ ಹೇಳಿ, ಕೊನೆಗೆ ಚಪ್ಪಾಳೆ ತಟ್ಟುತ್ತೇವೆ. ಅಷ್ಟು ಜಾಣ ಮಕ್ಕಳು ಯಾವ ಶಾಲೆಯಲ್ಲೂ ಇಲ್ಲ. ಅದರ ಫೋಟೋ ಮೇಲಕ್ಕೆ ಹೋಗುತ್ತದೆ. ಚಹಾ ಬರುತ್ತದೆ. ಹಾಜರಿ ಪತ್ರ ಪಡೆದು, ಕೊನೆಯ ಬಸ್ಸು ತಪ್ಪೀತೆಂದು ಓಡುತ್ತೇವೆ.

ಇದಕ್ಕೆ ಸಿಆರ್‌ಪಿಗಳನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಅವರೂ ನಮ್ಮ ಹಾಗೆ ಪಾಠ ಮಾಡುತ್ತಿದ್ದವರೇ. ಬೆಳಿಗ್ಗೆ ಕೇಳಿದ ಮಾಹಿತಿಯನ್ನು ಸಂಜೆಯೊಳಗೆ ಒಟ್ಟುಮಾಡಿ ಕಳಿಸುವ ಕೆಲಸಕ್ಕೆ ಅವರನ್ನು ಹಚ್ಚಿ, ಸಂಪನ್ಮೂಲ ವ್ಯಕ್ತಿ ಎಂಬ ಹೆಸರನ್ನು ಮಾತ್ರ ಉಳಿಸಿದ್ದಾರೆ.

ಬಾಯಿ ಬಿಟ್ಟವರೇ ಇಲ್ಲ ಎಂದಲ್ಲ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಸಭೆಯಲ್ಲಿ, ಕೆಲಸಕ್ಕೆ ಸೇರಿ ವರ್ಷವೂ ಆಗಿರದ ಶಿಕ್ಷಕಿಯೊಬ್ಬರು ಎದ್ದು ನಿಂತು, "ನನ್ನ ಮೂರನೇ ತರಗತಿಯ ಆರು ಮಕ್ಕಳಿಗೆ ಓದಲು ಬರುತ್ತಿಲ್ಲ, ಏನು ಮಾಡಲಿ ಅಂತ ತಿಳೀತಿಲ್ಲ" ಎಂದರು. ಅಂದು ಬಂದಿದ್ದ ಅಧಿಕಾರಿ ಪಕ್ಕದವರಿಗೆ "ಹೆಸರು ಬರೆದುಕೊಳ್ಳಿ" ಎಂದರು. ಮಕ್ಕಳ ಹೆಸರಲ್ಲ, ಶಿಕ್ಷಕಿಯದು. ವಾರದೊಳಗೆ ಕಾರಣ ಕೇಳಿ ನೋಟಿಸು. ಅಂದಿನಿಂದ ನಮ್ಮ ಕ್ಲಸ್ಟರಿನಲ್ಲಿ ಓದಲು ಬಾರದ ಮಗು ಒಂದೂ ಇಲ್ಲ.

ನನ್ನ ತಕರಾರು ಇಷ್ಟೇ. ಶಿಕ್ಷಕರ ಜಾಲ ಕಟ್ಟಬೇಕು, ಕಲಿಕಾ ಸಮುದಾಯ ಬೆಳೆಸಬೇಕು ಎಂದು ಭಾಷಣ ಮಾಡುವವರು ಮೊದಲು ಈ ಸಭೆಯನ್ನು ನೋಡಲಿ. ಜಾಲ ಇದೆ. ರಾಜ್ಯದ ಒಂದು ಮೂಲೆಯನ್ನೂ ಬಿಡದೆ ಹರಡಿಕೊಂಡಿದೆ. ಮಾಹಿತಿ ಕೆಳಗಿಂದ ಮೇಲೆ ಹೋಗಲು, ಆದೇಶ ಮೇಲಿಂದ ಕೆಳಗೆ ಬರಲು ಅದರಲ್ಲಿ ದಾರಿ ಇದೆ. ಒಂದು ಶಾಲೆಯಿಂದ ಪಕ್ಕದ ಶಾಲೆಗೆ ಹೋಗಲು ಮಾತ್ರ ಇಲ್ಲ.

ಹುಟ್ಟುವಾಗ ಇದು ಹೀಗಿರಲಿಲ್ಲ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಶಾಲಾ ಸಂಕುಲದ ಮಾತು ಹೇಳಿತು. ಒಂದು ಪ್ರೌಢಶಾಲೆ, ಅದರ ಸುತ್ತಲಿನ ಪ್ರಾಥಮಿಕ ಶಾಲೆಗಳು, ಎಲ್ಲ ಸೇರಿ ಒಂದು ಕುಟುಂಬದ ಹಾಗೆ ಕೆಲಸ ಮಾಡಬೇಕು. ಒಂದೊಂದು ಶಾಲೆಯೂ ಒಂಟಿಯಾಗಿ ಒದ್ದಾಡುವುದು ನಿಲ್ಲಬೇಕು ಎಂಬುದು ಆಶಯ. ಮೂವತ್ತು ವರ್ಷ ಕಳೆದು ಡಿಪಿಇಪಿ ಬಂತು. ಕೆಲವು ಜಿಲ್ಲೆಗಳಲ್ಲಿ ಕ್ಲಸ್ಟರ್, ಬ್ಲಾಕ್ ಸಂಪನ್ಮೂಲ ಕೇಂದ್ರಗಳಾದವು. 2001ರ ಬಳಿಕ ಸರ್ವ ಶಿಕ್ಷಣ ಅಭಿಯಾನದ ಜೊತೆ ಅದೇ ಏರ್ಪಾಡು ಎಲ್ಲೆಡೆ ಹಬ್ಬಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತೆ ಶಾಲಾ ಸಂಕುಲವನ್ನೇ ಹೇಳುತ್ತಿದೆ. ಐವತ್ನಾಲ್ಕು ವರ್ಷಗಳ ನಂತರ ಅದೇ ಔಷಧಿಯನ್ನು ಮತ್ತೆ ಬರೆದುಕೊಡಬೇಕಾಗಿದೆ ಎಂದರೆ ರೋಗಿಗೆ ಅದನ್ನು ಕುಡಿಸಿಯೇ ಇಲ್ಲ ಎಂದಾಯಿತಲ್ಲ.

ನಮ್ಮ ರಾಜ್ಯದಲ್ಲೇ ಇದಕ್ಕಿಂತ ಚೆನ್ನಾಗಿ ನಡೆದದ್ದೂ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಶಿಕ್ಷಕರು ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ನೋಡಿದ್ದನ್ನು ತಮ್ಮ ಕಾಡಂಚಿನ ಶಾಲೆಗಳಿಗೆ ಹೊಂದಿಸಿಕೊಳ್ಳಲು ಒಟ್ಟಿಗೆ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು, ತಿದ್ದಿದರು. ಅದೇ ನಲಿಕಲಿ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ನಮ್ಮ ಶಾಲೆಗೂ ಬಂತು: ಅಚ್ಚಾದ ಕಾರ್ಡುಗಳು, ಗೋಡೆಗೆ ಕಲಿಕಾ ಏಣಿ. ಆ ಕಾರ್ಡುಗಳನ್ನು ಬರೆದವರಿಗೆ ಪ್ರತಿಯೊಂದರ ಹಿಂದೆ ಒಂದು ಜಗಳದ ನೆನಪಿತ್ತು. ನಮಗೆ ಬಂದದ್ದು ಕಾರ್ಡು ಮಾತ್ರ. ಆ ಜಗಳವೇ ಕಲಿಕೆ ಎಂದು ಯಾರೂ ಹೇಳಲಿಲ್ಲ, ಹಾಗಾಗಿ ಜಗಳವಾಡಲು ನಮಗೆ ಜಾಗವನ್ನೂ ಕೊಡಲಿಲ್ಲ.

ಈಚೆಗೆ ತರಬೇತಿಗಳಲ್ಲಿ ಯುರೋಪಿನ ಮಾತು ಹೆಚ್ಚು. ಅಲ್ಲಿ 2005ರಿಂದ ಇ-ಟ್ವಿನಿಂಗ್ ಎಂಬ ಏರ್ಪಾಡಿದೆ, ಒಂದು ದೇಶದ ಶಿಕ್ಷಕರು ಇನ್ನೊಂದು ದೇಶದ ಶಿಕ್ಷಕರ ಜೊತೆ ಸೇರಿ ತಮ್ಮ ಮಕ್ಕಳಿಂದ ಕೆಲಸ ಮಾಡಿಸುತ್ತಾರೆ, ಯುರೋಪಿಯನ್ ಆಯೋಗವೇ ಅದನ್ನು ನಡೆಸುತ್ತದೆ, ನೀವೂ ಹಾಗೆ ಆಗಬೇಕು ಎನ್ನುತ್ತಾರೆ. ಆಗಲಿ, ಬೇಡ ಎಂದವರಾರು? ಯುರೋಪಿನದ್ದು ಎಂದಮಾತ್ರಕ್ಕೆ ಮೂಗು ಮುರಿಯುವವ ನಾನಲ್ಲ. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದದ್ದು. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಅಧ್ಯಯನ ಮಾಡಿ ಅದನ್ನು ಅಡಿಕೆಗೆ ಒಗ್ಗಿಸಿದರು. ಇವತ್ತು ಮೈಲುತುತ್ತ ಸುಣ್ಣದ ಹದ ನಮ್ಮ ಊರಿನ ಕೊನೆಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದ ತೋಟ ನೋಡಿ ಕಲಿತಿದ್ದಾನೆ.

ಯುರೋಪಿನಿಂದ ತರುವುದಾದರೆ ಅವರ ವೇದಿಕೆಗಿಂತ ಮೊದಲು ಅವರ ಒಬ್ಬ ಹಳ್ಳಿ ಮೇಷ್ಟ್ರ ಕತೆ ತರಲಿ. ಸೆಲೆಸ್ಟಿನ್ ಫ್ರೆನೆ ಎಂದು ಹೆಸರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ ಬದುಕಿ ಬಂದವನು. 1920ರಲ್ಲಿ ದಕ್ಷಿಣ ಫ್ರಾನ್ಸಿನ ಬಾರ್-ಸುರ್-ಲೂ ಎಂಬ ಬೆಟ್ಟದೂರಿಗೆ ಮೇಷ್ಟ್ರಾಗಿ ಹೋದ. ಇಡೀ ದಿನ ಗಂಟಲು ಹರಿದುಕೊಂಡು ಪಾಠ ಹೇಳುವ ಶಕ್ತಿ ಇರಲಿಲ್ಲ. ಒಂದು ಸಣ್ಣ ಅಚ್ಚಿನ ಯಂತ್ರ ತಂದು ತರಗತಿಯಲ್ಲಿಟ್ಟ. ಮಕ್ಕಳು ತಾವು ಕಂಡದ್ದನ್ನು ತಮ್ಮ ಮಾತಿನಲ್ಲಿ ಬರೆದು, ತಾವೇ ಮೊಳೆ ಜೋಡಿಸಿ ಅಚ್ಚು ಹಾಕಿ, ಅದನ್ನೇ ಓದುತ್ತಿದ್ದರು. 1926ರಲ್ಲಿ ದೇಶದ ಇನ್ನೊಂದು ತುದಿಯ ಸಮುದ್ರತೀರದಲ್ಲಿದ್ದ ರೆನೆ ಡೇನಿಯಲ್ ಎಂಬ ಶಿಕ್ಷಕನ ಶಾಲೆಗೂ ಈ ಶಾಲೆಗೂ ಅಂಚೆ ಓಡಾಟ ಶುರುವಾಯಿತು. ಬೆಟ್ಟದ ಮಕ್ಕಳ ಪುಟ ಕಡಲಿಗೆ, ಕಡಲಿನ ಮಕ್ಕಳ ಪುಟ ಬೆಟ್ಟಕ್ಕೆ. ಎರಡು ಶಾಲೆ ಹತ್ತಾಯಿತು, ಹತ್ತು ನೂರಾಯಿತು, ಶಿಕ್ಷಕರದೇ ಒಂದು ಸಹಕಾರ ಸಂಘವಾಯಿತು. ಇದಕ್ಕೆ ಆದೇಶ ಹೊರಡಿಸಿದವರು ಯಾರೂ ಇಲ್ಲ. ವಿರೋಧಿಸಿದವರು ಬೇಕಾದಷ್ಟು ಇದ್ದರು. ಮುಂದೆ ಫ್ರೆನೆ ಸರ್ಕಾರಿ ಶಾಲೆಯನ್ನೇ ಬಿಡಬೇಕಾಯಿತು.

ಫ್ರೆನೆಯ ಹೆಸರನ್ನು ನಾನು ತರಬೇತಿಯ ಯಾವುದೋ ಕೈಪಿಡಿಯಲ್ಲಿ ಓದಿ ಮರೆತಿದ್ದೆ. ಮತ್ತೆ ನೆನಪಾಗುವ ಹಾಗೆ ಮಾಡಿದ್ದು ಒಂದು ಗುಡ್ಡ.

2025ರ ಸೆಪ್ಟೆಂಬರಿನಲ್ಲಿ, ದಸರಾ ರಜೆಯಲ್ಲಿ, ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ನಮ್ಮನ್ನು ಹಾಕಿದರು. ಮನೆಮನೆಗೆ ಹೋಗಿ ಅರವತ್ತು ಪ್ರಶ್ನೆ ಕೇಳಿ ಮೊಬೈಲಿನಲ್ಲಿ ತುಂಬಬೇಕು. ಮಲೆನಾಡಿನಲ್ಲಿ ಮನೆಗಳು ಕೂಗಳತೆಗೂ ಸಿಗುವುದಿಲ್ಲ, ನೆಟ್‌ವರ್ಕ್ ಅದಕ್ಕಿಂತ ಮೊದಲೇ ಸಿಗುವುದಿಲ್ಲ. ನಮ್ಮ ಹಳ್ಳದ ಮೇಲಿನ ಗುಡ್ಡದ ನೆತ್ತಿಗೆ ಹೋದರೆ ಎರಡು ಕಡ್ಡಿ ಬರುತ್ತದೆ ಎಂದು ಯಾರೋ ಹೇಳಿದರು. ಸಂಜೆ ಹತ್ತಿದೆ. ಅಲ್ಲಿ ಆಗಲೇ ಒಬ್ಬರು ಟೀಚರ್ ಕೊಡೆ ಹಿಡಿದು, ಮೊಬೈಲನ್ನು ಆಕಾಶಕ್ಕೆ ಎತ್ತಿ ನಿಂತಿದ್ದರು. ಆ ಬದಿಯಿಂದ ಹತ್ತಿದವರು. ತೀರ್ಥಹಳ್ಳಿ ತಾಲ್ಲೂಕು. ಅವರ ಶಾಲೆಗೂ ನನ್ನ ಶಾಲೆಗೂ ಸಂಕ ದಾಟಿದರೆ ಮೂರು ಕಿಲೋಮೀಟರ್. ನಾನು ಈ ಶಾಲೆಯಲ್ಲಿ ಒಂಬತ್ತು ವರ್ಷ, ಅವರು ಆ ಶಾಲೆಯಲ್ಲಿ ಹದಿನೈದು ವರ್ಷ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ನನ್ನ ಸಭೆ ಹೊಸನಗರದ ಕಡೆಗೆ, ಅವರ ಸಭೆ ತೀರ್ಥಹಳ್ಳಿಯ ಕಡೆಗೆ. ಹಳ್ಳದ ನಡುವೆ ತಾಲ್ಲೂಕಿನ ಗೆರೆ ಇದೆ ಎಂದು ಮೀನಿಗೂ ಗೊತ್ತಿಲ್ಲ, ಶಿಕ್ಷಣ ಇಲಾಖೆಗೆ ಗೊತ್ತಿದೆ.

ಸರ್ವರ್ ಬರುವವರೆಗೆ ಮಾತಾಡಬೇಕಲ್ಲ, ಮಾತಾಡಿದೆವು. ಓದಲು ಬಾರದ ಮಕ್ಕಳ ಮಾತು ಬಂತು. ಅವರು ಹೇಳಿದ್ದು ಇಷ್ಟು. ಬೆಳಿಗ್ಗೆ ಅಂಥ ಮಗುವನ್ನು ಹತ್ತಿರ ಕೂರಿಸಿಕೊಂಡು ಮನೆಯ ಸುದ್ದಿ ಕೇಳುತ್ತಾರೆ. ಮಗು ಹೇಳುತ್ತದೆ: ನಿನ್ನೆ ನಮ್ಮನೆ ಕೊಟ್ಟಿಗೆಗೆ ಹೆಬ್ಬಾವು ಬಂದಿತ್ತು. ಅದನ್ನು ಹಾಗೆಯೇ, ತಿದ್ದದೆ, ಮಗು ಆಡಿದ ಮಾತಿನಲ್ಲೇ, ಹಳೇ ಕ್ಯಾಲೆಂಡರಿನ ಹಿಂಬದಿಗೆ ದೊಡ್ಡದಾಗಿ ಬರೆಯುತ್ತಾರೆ. ಮಗುವಿಗೆ ಅದು ತನ್ನ ಮಾತು ಎಂದು ಗೊತ್ತು, ಹಾಗಾಗಿ ತಡವರಿಸದೆ ಓದುತ್ತದೆ. ಎರಡು ದಿನ ಬಿಟ್ಟು ಆ ಸಾಲನ್ನು ಕತ್ತರಿಯಿಂದ ಪದಪದವಾಗಿ ಕತ್ತರಿಸಿ ಕಲಸಿಬಿಡುತ್ತಾರೆ. ಹೆಬ್ಬಾವು ಎಲ್ಲಿ ಹೋಯಿತು, ಹುಡುಕು. ಕೊಟ್ಟಿಗೆ ಯಾವುದು? ಮಗು ಜೋಡಿಸುತ್ತದೆ. ಆಮೇಲೆ ಹೆಬ್ಬಾವಿನ 'ವು' ತೆಗೆದು ಬೇರೆ ಮಗುವಿನ ಹಾವಿನ ಪಕ್ಕಕ್ಕೆ ಇಡುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಮಗು ಪಠ್ಯಪುಸ್ತಕಕ್ಕೆ ಬಂದು ಮುಟ್ಟಿರುತ್ತದೆ. ಎಲ್ಲರೂ ಅಲ್ಲ, ಆದರೆ ತುಂಬಾ ಮಕ್ಕಳು.

ನನಗೆ ಫ್ರೆನೆ ನೆನಪಾದ. ಅವರಿಗೆ ಆ ಹೆಸರೇ ಗೊತ್ತಿರಲಿಲ್ಲ. ತಾವೇ ಕಂಡುಕೊಂಡದ್ದು. "ಇದನ್ನು ಯಾರಿಗಾದರೂ ಹೇಳಿದ್ದೀರಾ?" ಅಂದೆ. "ಯಾರು ಕೇಳಿದ್ದಾರೆ ಸರ್? ಪಾಠ ಎಲ್ಲಿವರೆಗೆ ಮುಗೀತು ಅಂತ ಕೇಳ್ತಾರೆ. ಅದಕ್ಕೇ ತಪಾಸಣೆಗೆ ಬರ್ತಾರೆ ಅಂದ್ರೆ ಈ ಚೀಟಿ ಎಲ್ಲ ಬೀರುವಿಗೆ ಹಾಕಿಬಿಡ್ತೀನಿ" ಅಂದರು. ಮುಂದಿನ ವರ್ಷ ಅವರಿಗೆ ನಿವೃತ್ತಿ.

ಇದಾದ ನಾಲ್ಕು ದಿನಕ್ಕೆ ನನ್ನ ಪಟ್ಟಿಯಲ್ಲಿ ಆ ಹುಡುಗಿಯ ಮನೆ ಬಂತು. ಈಗ ಹದಿನಾರು ವರ್ಷ ಇರಬೇಕು. ಏಳನೇ ತರಗತಿಗೆ ಶಾಲೆ ಬಿಟ್ಟಿದ್ದಳು. ಗೋಡೆಗೆ ಅಂಟಿಸಿದ್ದ ಸಮೀಕ್ಷೆಯ ಚೀಟಿಯ ಸಂಖ್ಯೆಯನ್ನು ಸರಿಯಾಗಿ ಓದಿ ಹೇಳಿದಳು. ಅಂಕಿ ಬರುತ್ತದೆ. ರೇಷನ್ ಕಾರ್ಡಿನಲ್ಲಿ ಮನೆಯವರ ಹೆಸರು ಓದು ಎಂದಾಗ, ನಗುತ್ತಾ ಕಾರ್ಡನ್ನು ನನ್ನ ಕೈಗೆ ಕೊಟ್ಟು "ನೀವೇ ಓದಿ ಸರ್" ಅಂದಳು. ವಿದ್ಯಾಭ್ಯಾಸದ ಕಾಲಮ್ಮಿನಲ್ಲಿ ಏಳನೇ ತರಗತಿ ಎಂದು ತುಂಬಿಸಿದೆ. ಬಿ ಪ್ಲಸ್ ತುಂಬಿಸಿದ ಅದೇ ಬೆರಳಿನಿಂದ.

ಅವಳಿಗೆ ಬೇಕಿದ್ದದ್ದು ಮೂರು ಕಿಲೋಮೀಟರ್ ಆಚೆ, ಒಂದು ಬೀರುವಿನಲ್ಲಿತ್ತು.

ಶಿಕ್ಷಕರಿಗೆ ಕಲಿಯುವ ಆಸೆಯೇ ಇಲ್ಲ, ಸಂಬಳ ರಜೆ ವರ್ಗಾವಣೆ ಬಿಟ್ಟರೆ ಬೇರೆ ಮಾತಿಲ್ಲ ಎನ್ನುವವರಿಗೆ ಹೇಳುತ್ತೇನೆ: ನಮ್ಮನ್ನು ಬೇರೆ ಕಡೆ ನೋಡಿ. ನೌಕರಿಯ ಶುರುವಿನಲ್ಲಿ ನಾನು ಸಾಗರ ತಾಲ್ಲೂಕಿನ ತುಮರಿ ಕಡೆ ಇದ್ದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಹಿನ್ನೀರು ತುಂಬಿದ ಮೇಲೆ ಆ ಊರುಗಳು ಸಾಗರದಿಂದ ಕಡಿದುಹೋದವು. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕು. ಲಾಂಚು ಬರುವಷ್ಟು ಹೊತ್ತು, ದಾಟುವಷ್ಟು ಹೊತ್ತು, ಶಿಕ್ಷಕರೆಲ್ಲ ಒಂದೇ ಕಟ್ಟೆಯ ಮೇಲೆ. ಹಾಜರಿ ಪುಸ್ತಕ ಇಲ್ಲ, ಮಾತಿಗೆ ಬರ ಇಲ್ಲ. ಕಳೆಯುವ ಲೆಕ್ಕದಲ್ಲಿ ದಶಕ ತರುವುದನ್ನು ಹುಣಸೆ ಬೀಜದ ಕಟ್ಟಿನಿಂದ ತೋರಿಸುವುದು ನಾನು ಕಲಿತದ್ದು ಆ ಲಾಂಚಿನಲ್ಲಿ, ಬಿ.ಎಡ್. ಮಾಡಿದ ಕಾಲೇಜಿನಲ್ಲಲ್ಲ. 2025ರ ಜುಲೈಯಲ್ಲಿ ಅಲ್ಲಿ ಸೇತುವೆ ಆಯಿತು. ಅರವತ್ತು ವರ್ಷ ಕಾದ ಜನರ ಸೇತುವೆ, ಅದರ ಬಗ್ಗೆ ಕೊಂಕು ಮಾತಾಡಿದರೆ ನಾಲಿಗೆ ಬಿದ್ದುಹೋದೀತು. ಕಟ್ಟೆಯ ಮೇಲಿನ ಆ ಶಾಲೆ ಮುಚ್ಚಿತು, ಅಷ್ಟೇ ಹೇಳುತ್ತಿದ್ದೇನೆ.

ಇನ್ನು ತಾಳಮದ್ದಲೆ. ಈ ಮೂರೂ ತಾಲ್ಲೂಕುಗಳಲ್ಲಿ ಅರ್ಥ ಹೇಳುವವರ ಪೈಕಿ ಎಷ್ಟು ಜನ ಮೇಷ್ಟ್ರುಗಳು ಎಂದು ಎಣಿಸಿ ನೋಡಿ. ರಾತ್ರಿ ಕೃಷ್ಣನಾಗಿ ಕೂತು, ಎದುರಿನ ಕೌರವ ಎತ್ತಿದ ಒಂದೊಂದು ಆಕ್ಷೇಪಕ್ಕೂ ಸ್ಥಳದಲ್ಲೇ ಉತ್ತರ ಹುಟ್ಟಿಸಿ ಬೆಳಗು ಮಾಡುವ ಮನುಷ್ಯ, ಮರುದಿನ ಕ್ಲಸ್ಟರ್ ಸಭೆಯಲ್ಲಿ ಮೂಕನಾಗಿ ಸುತ್ತೋಲೆ ಸಂಖ್ಯೆ ಬರೆದುಕೊಳ್ಳುತ್ತಿರುತ್ತಾನೆ. ಅವನಿಗೆ ವಾದ ಬರುವುದಿಲ್ಲ ಎಂದಲ್ಲ. ತಾಳಮದ್ದಲೆಯಲ್ಲಿ ಸೋತರೆ ನೋಟಿಸು ಬರುವುದಿಲ್ಲ.

ಈ ಬರಹ ಓದುತ್ತಿರುವ ನಿಮ್ಮಲ್ಲಿ ಬಹಳ ಜನ ಹೆಗ್ಗೋಡಿಗೆ ಹೋಗಿ ಬಂದವರಿರುತ್ತೀರಿ. 1949ರಲ್ಲಿ ಹುಟ್ಟಿದ ನೀನಾಸಮ್, ಹಳ್ಳಿಯಲ್ಲಿ ಕೂತು ಜಗತ್ತಿನ ನಾಟಕ ಸಿನಿಮಾ ಚರ್ಚೆ ಮಾಡಬಹುದು ಎಂದು ಕೆ.ವಿ. ಸುಬ್ಬಣ್ಣನವರ ಕಾಲದಿಂದಲೂ ತೋರಿಸುತ್ತಾ ಬಂದಿದೆ. ಅಲ್ಲಿನ ಸಂಸ್ಕೃತಿ ಶಿಬಿರಕ್ಕೆ ನಾನೂ ಎರಡು ಸಲ ಹೋಗಿದ್ದೇನೆ. ದೊಡ್ಡವರ ಮಾತನ್ನು ಎದ್ದು ನಿಂತು ಒಪ್ಪುವುದಿಲ್ಲ ಎನ್ನಬಹುದು ಎಂದು ಕಲಿತದ್ದು ಅಲ್ಲಿ. ನನ್ನ ದೂರು ಶಿಬಿರದ ಮೇಲಲ್ಲ, ಅಲ್ಲಿಂದ ಮರಳಿದ ನಮ್ಮಂಥ ಶಿಕ್ಷಕರ ಮೇಲೆ. ನಾಟಕವೊಂದರ ಬಗ್ಗೆ ಮಧ್ಯರಾತ್ರಿಯವರೆಗೆ ಜಗಳವಾಡುವ ನಾವು ಸೋಮವಾರ ಬೆಳಿಗ್ಗೆ ತರಗತಿಯ ಬಾಗಿಲು ಎಳೆದುಕೊಳ್ಳುತ್ತೇವೆ. ಮಗುವಿಗೆ ಓದು ಹೇಗೆ ಹತ್ತುತ್ತದೆ ಎಂಬುದು ಸಾಹಿತ್ಯದ ಪ್ರಶ್ನೆಯಲ್ಲ ಎಂದು ನಮಗೆ ಯಾರು ಹೇಳಿದರು? ಓದುಗರೇ ಹುಟ್ಟದಿದ್ದರೆ ನಮ್ಮ ವಿಮರ್ಶೆ ಯಾರಿಗೆ?

ಹಾಗಾದರೆ ಏನು ಬೇಕು? ಹೊಸ ಯೋಜನೆ ಬೇಡ. ದಯವಿಟ್ಟು ಹೊಸ ಹೆಸರೂ ಬೇಡ; ಪ್ರತಿ ಸರ್ಕಾರಕ್ಕೆ ಒಂದರಂತೆ ಹೆಸರುಗಳು ನಮ್ಮ ಗೋಡೆಯ ಮೇಲೆ ಒಂದರ ಮೇಲೊಂದು ಪದರವಾಗಿವೆ. ಇರುವ ಸಭೆಯಿಂದ ಸುತ್ತೋಲೆಯನ್ನು ಹೊರಗೆ ಹಾಕಿ. ಅದು ಮೊಬೈಲಿಗೆ ಬಂದಿರುತ್ತದೆ, ನಮಗೆ ಓದಲು ಬರುತ್ತದೆ. ಸಭೆಯಲ್ಲಿ ಯಾರೇ ತನ್ನ ತರಗತಿಯ ಸೋಲು ಹೇಳಿಕೊಂಡರೂ ಅದರ ಮೇಲೆ ಕ್ರಮ ಇಲ್ಲ ಎಂದು ಒಂದೇ ಒಂದು ಆದೇಶ ಮಾಡಿ. ಇಲಾಖೆಗೆ ಆದೇಶ ಮಾಡುವ ಆಸೆ ಇದ್ದರೆ ಅದೊಂದು ಸಾಕು. ಯಾವ ಶಾಲೆ ಯಾವ ಶಾಲೆಯ ಜೊತೆ ಕೂರಬೇಕು ಎಂಬುದನ್ನು ತಾಲ್ಲೂಕಿನ ನಕ್ಷೆ ತೀರ್ಮಾನಿಸುವುದು ಬೇಡ, ಹಳ್ಳ ಗುಡ್ಡ ಬಸ್ಸು ತೀರ್ಮಾನಿಸಲಿ. ಮೂರು ತಿಂಗಳಿಗೊಂದು ದಿನ ನಾನು ಇನ್ನೊಬ್ಬರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರಲು ಓಓಡಿ ಕೊಡಿ. ಶಿಕ್ಷಣ ನೀತಿ ವರ್ಷಕ್ಕೆ ಐವತ್ತು ಗಂಟೆ ವೃತ್ತಿ ಬೆಳವಣಿಗೆಗೆ ಎನ್ನುತ್ತದಲ್ಲ, ಈ ಗಂಟೆಗಳನ್ನೂ ಅದರಲ್ಲಿ ಎಣಿಸಿ. ಅತಿಥಿ ಶಿಕ್ಷಕರನ್ನು ಒಳಗೆ ಕರೆಯಿರಿ. ನಮ್ಮ ಕಡೆ ಕೆಲವು ಶಾಲೆ ನಡೆಯುತ್ತಿರುವುದೇ ಅವರಿಂದ; ಸಭೆಯ ದಿನ ಮಾತ್ರ ಅವರು ಶಾಲೆ ಕಾಯಲು ಉಳಿಯಬೇಕು.

ಏಕೋಪಾಧ್ಯಾಯ ಶಾಲೆಯ ಶಿಕ್ಷಕರು ಸಭೆಗೆ ಹೋದರೆ ಮಕ್ಕಳ ಗತಿ ಏನು ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಈಗಲೂ ಅವರು ಸಭೆಗೆ, ತರಬೇತಿಗೆ, ಸಮೀಕ್ಷೆಗೆ, ಚುನಾವಣೆಗೆ ಹೋಗುತ್ತಲೇ ಇದ್ದಾರೆ. ಆಗ ಏಳದ ಪ್ರಶ್ನೆ ಈಗೇಕೆ ಎದ್ದಿತು ಎಂಬುದು ನನ್ನ ಪ್ರಶ್ನೆ. ವಾಟ್ಸಾಪ್ ಗುಂಪು ಇದೆಯಲ್ಲ ಎಂದೂ ಹೇಳುತ್ತಾರೆ. ನಾನು ಹನ್ನೊಂದು ಗುಂಪುಗಳಲ್ಲಿದ್ದೇನೆ. 'ತುರ್ತು', 'ಅತಿ ತುರ್ತು', 'ಇಂದು ಸಂಜೆ ನಾಲ್ಕರೊಳಗೆ', ನಡುವೆ ಶುಭೋದಯದ ಗುಲಾಬಿ. ಹನ್ನೊಂದರಲ್ಲಿ ಒಂದರಲ್ಲಾದರೂ 'ನನಗೆ ಇದು ಬರುತ್ತಿಲ್ಲ' ಎಂಬ ಒಂದು ಸಾಲು ಕಂಡ ನೆನಪಿಲ್ಲ.

ಇದಕ್ಕೆ ಅವಸರ ಏಕೆಂದರೆ, ಸಣ್ಣ ಶಾಲೆಗಳನ್ನು ದೊಡ್ಡ ಶಾಲೆಗೆ ಸೇರಿಸಿಬಿಡೋಣ ಎಂಬ ಮಾತು ಮಲೆನಾಡಿನಲ್ಲಿ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಿದೆ. ಎಂಟು ಮಕ್ಕಳು, ಒಬ್ಬ ಮೇಷ್ಟ್ರು. ಅವನೊಬ್ಬನೇ ಏನು ಮಾಡಿಯಾನು ಎಂಬುದು ಅವರ ದೊಡ್ಡ ವಾದ. ಅವನು ಒಬ್ಬನೇ ಇರುವವರೆಗೆ ಆ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ. ಸಂಕ ದಾಟಿ ಬಸ್ಸು ಹಿಡಿಯಲಾರದ ಆರು ವರ್ಷದ ಮಗುವಿನ ಶಾಲೆ ಊರಿನಲ್ಲೇ ಉಳಿಯಬೇಕಾದರೆ, ಅದರ ಮೇಷ್ಟ್ರಿಗೆ ಹತ್ತು ಶಾಲೆಯ ಬುದ್ಧಿ ಬೆನ್ನಿಗಿರಬೇಕು.

ಗುಡ್ಡದ ಮೇಲಿನ ಭೇಟಿಯ ನಂತರ ನಾವು ನಾಲ್ವರು ಸೇರುತ್ತಿದ್ದೇವೆ. ಆ ಟೀಚರ್, ನಾನು, ನಮ್ಮ ಕಡೆಯ ಒಬ್ಬ ಅತಿಥಿ ಶಿಕ್ಷಕಿ, ಸಾಗರ ತಾಲ್ಲೂಕಿನಿಂದ ಬೈಕಿನಲ್ಲಿ ಬರುವ ಒಬ್ಬ ಯುವಕ. ತಿಂಗಳಿಗೊಂದು ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ಯಾರಾದರೊಬ್ಬರ ಶಾಲೆಯಲ್ಲಿ. ಇದಕ್ಕೆ ಹೆಸರಿಟ್ಟಿಲ್ಲ. ಫೋಟೋ ತೆಗೆಯುವುದಿಲ್ಲ. ಒಂದು ಇನ್ನೂರು ಪುಟದ ನೋಟು ಪುಸ್ತಕ ಇದೆ; ಬಂದವರು ತಮಗೆ ಆಗದ ಒಂದನ್ನು ಅದರಲ್ಲಿ ಬರೆಯಬೇಕು, ಮುಂದಿನ ಸಲ ಅದಕ್ಕೆ ಏನು ಮಾಡಿದೆವು, ಏನಾಯಿತು ಎಂದು ಕೆಳಗೆ ಸೇರಿಸಬೇಕು. ಬೀರುವಿನಲ್ಲಿದ್ದ ಚೀಟಿಗಳೆಲ್ಲ ಈಗ ಆ ಪುಸ್ತಕದ ಹಿಂದಿನ ಪುಟಗಳಿಗೆ ಅಂಟಿವೆ. ಇಲ್ಲಿಯವರೆಗೆ ಹದಿನೇಳು ಪುಟ ತುಂಬಿದೆ. ಅದರಲ್ಲಿ ಆರಕ್ಕೆ ಕೆಳಗಿನ ಅರ್ಧ ಇನ್ನೂ ಖಾಲಿ.

ಮುಂದಿನ ಸಲ ನನ್ನ ಶಾಲೆಯಲ್ಲಿ. ಐದನೇ ತರಗತಿಗೆ ಭಿನ್ನರಾಶಿ ಕೂಡಿಸುವುದನ್ನು ನಾನು ಕಲಿಸುವ ರೀತಿ ನೋಡಲು ಮೂವರೂ ಒಂದು ಗಂಟೆ ಮೊದಲೇ ಬಂದು ಹಿಂದೆ ಕೂರುತ್ತಾರೆ. ಇಪ್ಪತ್ತೊಂದು ವರ್ಷದಿಂದ ಅದು ನನ್ನ ಮಕ್ಕಳಿಗೆ ಹತ್ತಿಲ್ಲ ಎಂದು ಪುಸ್ತಕದಲ್ಲಿ ಬರೆದಾಗಿದೆ.